ದೂರಗಣಕದ ಬಾಗಿಲೂ ಅದರ ಕೀಲಿಕೈಯೂ

ಒಂದು ಊರಿನಲ್ಲಿ ಕುಳಿತು ಮತ್ತೊಂದು ಊರಿನ ಗಣಕಯಂತ್ರದಿಂದ ಕೆಲಸ ಮಾಡಿಸುವುದು ಇಂದು ವಿಜ್ಞಾನದ ವಿದ್ಯಾರ್ಥಿಗಳಿಗೆ ನಿತ್ಯದ ಸಂಗತಿಯಾಗಿದೆ. ಮಳೆಮೋಡಗಳ ಲೆಕ್ಕವಾಗಲಿ, ಅಣುಗಳ ಚಲನೆಯ ಲೆಕ್ಕವಾಗಲಿ, ಮೇಜಿನ ಮೇಲಿನ ಸಣ್ಣ ಯಂತ್ರಕ್ಕೆ ನಿಲುಕದೆ ಹೋದಾಗ ಅದನ್ನು ದೊಡ್ಡ ಯಂತ್ರಕ್ಕೆ ಒಪ್ಪಿಸಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದಂಥ ಮಹಾಗಣಕವನ್ನು ಬಳಸುವ ಸಂಶೋಧಕರು ಆ ಯಂತ್ರದ ಮುಂದೆ ಹೋಗಿ ಕೂರುವುದಿಲ್ಲ. ತಮ್ಮ ಗಣಕದಲ್ಲಿ ಒಂದು ಸಾಲಿನ ಆದೇಶವನ್ನು ಬೆರಳಚ್ಚಿಸಿ, ಜಾಲದ ಮೂಲಕ ಅದರೊಳಕ್ಕೆ ಪ್ರವೇಶಿಸುತ್ತಾರೆ.

ಈ ಪ್ರವೇಶದ್ವಾರಕ್ಕೆ ‘ಸೆಕ್ಯೂರ್ ಶೆಲ್’ ಎಂದು ಹೆಸರು. ‘ಎಸ್‌ಎಸ್‌ಎಚ್’ ಎಂಬುದು ಅದರ ಹ್ರಸ್ವರೂಪ. ಆ ದ್ವಾರಕ್ಕೆ ಬೇಕಾದ ಕೀಲಿಗಳನ್ನು ತಯಾರಿಸುವ, ಪರೀಕ್ಷಿಸುವ, ಹಳತಾದುದನ್ನು ತೆಗೆದುಹಾಕುವ ಉಪಕರಣವೊಂದುಂಟು. ಅದರ ಹೆಸರು ‘ಎಸ್‌ಎಸ್‌ಎಚ್-ಕೀಜೆನ್’. ಅದರಲ್ಲಿ ಒತ್ತುವ ಗುಂಡಿಗಳಿಲ್ಲ, ಬಣ್ಣದ ಚಿತ್ರಗಳಿಲ್ಲ. ಆದೇಶವನ್ನು ಬರೆದುಕೊಟ್ಟರೆ ಅದರಂತೆ ನಡೆಯುತ್ತದೆ, ಅಷ್ಟೆ. ಅನೇಕರು ಈ ಆದೇಶಗಳನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. ದೂರಗಣಕವನ್ನು ಮೊದಲ ಸಲ ಸಂಪರ್ಕಿಸಿದಾಗ ಕೇಳಲಾಗುವ ಪ್ರಶ್ನೆಗೆ ಓದದೆಯೇ ‘ಯೆಸ್’ ಎಂದು ಉತ್ತರಿಸಿಬಿಡುತ್ತಾರೆ. ಆ ಒಂದು ಪದದಲ್ಲಿ ಅಡಗಿರುವ ಹೊಣೆ ಎಂಥದು, ಉಳಿದ ಹೊಣೆಯನ್ನು ಗಣಿತವು ಹೇಗೆ ಹೊತ್ತಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ತೆರೆದ ಅಂಚೆಕಾರ್ಡು

ಎಸ್‌ಎಸ್‌ಎಚ್ ಬರುವುದಕ್ಕೆ ಮೊದಲು ಈ ಕೆಲಸವನ್ನು ‘ಟೆಲ್‌ನೆಟ್’ ಎಂಬ ಏರ್ಪಾಡು ನಡೆಸುತ್ತಿತ್ತು. ಅದರಲ್ಲಿ ಬಳಕೆದಾರನ ಹೆಸರೂ ಪಾಸ್‌ವರ್ಡೂ ಬರೆದದ್ದು ಬರೆದಂತೆಯೇ ಜಾಲದಲ್ಲಿ ಸಾಗುತ್ತಿದ್ದವು. ಅಂಚೆಕಾರ್ಡಿನ ಮೇಲೆ ಬರೆದ ಸಮಾಚಾರವನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಲ್ಲವೇ? ಹಾಗೆಯೇ ಜಾಲದ ನಡುವಣ ಯಾವುದಾದರೂ ಯಂತ್ರವನ್ನು ವಶಪಡಿಸಿಕೊಂಡವನು ಅಲ್ಲಿ ಹಾದುಹೋಗುವ ಪಾಸ್‌ವರ್ಡುಗಳನ್ನೆಲ್ಲ ಕೂಡಿಡಬಹುದಾಗಿತ್ತು.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇಂಥದೇ ಕಳ್ಳತನ ನಡೆಯಿತು. ಅಲ್ಲಿ ಸಂಶೋಧಕರಾಗಿದ್ದ ಟಾಟು ಯ್ಲೋನೆನ್ ಎಂಬವರು ಇದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್‌ನ ಮೊದಲ ರೂಪವನ್ನು ರಚಿಸಿ, ಅದೇ ವರ್ಷದ ಜುಲೈ ತಿಂಗಳಲ್ಲಿ ಎಲ್ಲರಿಗೂ ದೊರೆಯುವಂತೆ ಬಿಡುಗಡೆ ಮಾಡಿದರು. ಜಾಲದಲ್ಲಿ ಪ್ರತಿಯೊಂದು ಸೇವೆಗೂ ಒಂದು ದ್ವಾರಸಂಖ್ಯೆ ಇರುತ್ತದೆ. ಕಡತಗಳನ್ನು ಸಾಗಿಸುವ ‘ಎಫ್‌ಟಿಪಿ’ಗೆ 21, ಟೆಲ್‌ನೆಟ್‌ಗೆ 23. ನಡುವೆ ತೆರವಾಗಿದ್ದ 22ನ್ನು ಯ್ಲೋನೆನ್ನರು ಕೇಳಿ ಪಡೆದರು. ಈಗಲೂ ಎಸ್‌ಎಸ್‌ಎಚ್‌ನ ದ್ವಾರಸಂಖ್ಯೆ 22. ತರುವಾಯ 1999ರಲ್ಲಿ ‘ಓಪನ್‌ಬಿಎಸ್‌ಡಿ’ ಎಂಬ ಕಾರ್ಯವ್ಯವಸ್ಥೆಯನ್ನು ರಚಿಸುತ್ತಿದ್ದವರು, ಯ್ಲೋನೆನ್ನರ ಹಳೆಯ ಮುಕ್ತ ಆವೃತ್ತಿಯೊಂದನ್ನು ಆಧಾರವಾಗಿಟ್ಟುಕೊಂಡು ‘ಓಪನ್ ಎಸ್‌ಎಸ್‌ಎಚ್’ ಎಂಬುದನ್ನು ಹೊರತಂದರು. ಇಂದು ಬಹುಪಾಲು ಗಣಕಗಳಲ್ಲಿರುವುದು ಇದೇ. ಎಸ್‌ಎಸ್‌ಎಚ್-ಕೀಜೆನ್ ಇದರದೇ ಒಂದು ಅಂಗ.

ಬಯಲಿನಲ್ಲಿ ಹುಟ್ಟುವ ಗುಟ್ಟು

ಸಮಾಚಾರವನ್ನು ಗೂಢಲಿಪಿಗೆ ಪರಿವರ್ತಿಸಿ ಕಳುಹಿಸಿದರೆ ದಾರಿಯಲ್ಲಿ ಓದುವವನಿಗೆ ಅದು ಅರ್ಥವಾಗದು ಎಂಬುದು ಸರಿಯೇ. ಆದರೆ ಆ ಗೂಢಲಿಪಿಯನ್ನು ಬಿಡಿಸುವ ಗುಟ್ಟು ಎರಡು ಕಡೆಯವರಿಗೂ ತಿಳಿದಿರಬೇಕಷ್ಟೆ? ಹಿಂದೆ ಎಂದೂ ಪರಿಚಯವಿಲ್ಲದ ಎರಡು ಯಂತ್ರಗಳು, ಎಲ್ಲರೂ ಕೇಳುತ್ತಿರುವ ತಂತಿಯ ಮೇಲೆಯೇ ಮಾತನಾಡಿ, ಯಾರಿಗೂ ತಿಳಿಯದ ಗುಟ್ಟೊಂದನ್ನು ಹೇಗೆ ಹಂಚಿಕೊಂಡಾವು? ಮೇಲುನೋಟಕ್ಕೆ ಇದು ಅಸಾಧ್ಯವೆಂದೇ ತೋರುತ್ತದೆ. ಇದು ಸಾಧ್ಯವೆಂದು 1976ರಲ್ಲಿ ತೋರಿಸಿಕೊಟ್ಟವರು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್. ಅವರ ಉಪಾಯವನ್ನು ಸಣ್ಣ ಸಂಖ್ಯೆಗಳಿಂದ ತಿಳಿಯೋಣ.

3 ಮತ್ತು 17 ಎಂಬ ಎರಡು ಸಂಖ್ಯೆಗಳನ್ನು ಎಲ್ಲರ ಎದುರಿಗೇ ಗೊತ್ತುಮಾಡಿಕೊಳ್ಳಲಾಗಿದೆ ಎಂದಿಟ್ಟುಕೊಳ್ಳಿ. ನಮ್ಮ ಗಣಕವು 4 ಎಂಬ ಸಂಖ್ಯೆಯನ್ನು ಗುಟ್ಟಾಗಿ ಆರಿಸಿಕೊಳ್ಳುತ್ತದೆ. 3ರ 4ನೆಯ ಘಾತ 81. ಅದನ್ನು 17ರಿಂದ ಭಾಗಿಸಿದರೆ ಉಳಿಯುವ ಶೇಷ 13. ಈ 13ನ್ನು ಅದು ಬಹಿರಂಗವಾಗಿ ಕಳುಹಿಸುತ್ತದೆ. ದೂರಗಣಕವು ತನ್ನ ಗುಟ್ಟಾಗಿ 6ನ್ನು ಆರಿಸಿಕೊಳ್ಳುತ್ತದೆ. 3ರ 6ನೆಯ ಘಾತ 729. 17ರಿಂದ ಭಾಗಿಸಿದರೆ ಶೇಷ 15. ಈ 15ನ್ನು ಅದೂ ಬಹಿರಂಗವಾಗಿಯೇ ಕಳುಹಿಸುತ್ತದೆ.

ಈಗ ನಮ್ಮ ಗಣಕವು ತನಗೆ ಬಂದ 15ನ್ನು ತನ್ನ ಗುಟ್ಟಾದ 4ನೆಯ ಘಾತಕ್ಕೆ ಏರಿಸುತ್ತದೆ: 50,625. ಇದನ್ನು 17ರಿಂದ ಭಾಗಿಸಿದರೆ ಶೇಷ 16. ದೂರಗಣಕವು ತನಗೆ ಬಂದ 13ನ್ನು ತನ್ನ ಗುಟ್ಟಾದ 6ನೆಯ ಘಾತಕ್ಕೆ ಏರಿಸುತ್ತದೆ: 48,26,809. ಇದನ್ನು 17ರಿಂದ ಭಾಗಿಸಿದರೂ ಶೇಷ 16! ಎರಡೂ ಕಡೆ ದೊರೆತದ್ದು 3ರ 24ನೆಯ ಘಾತದ ಶೇಷವೇ ಆದುದರಿಂದ ಉತ್ತರಗಳು ಹೊಂದಲೇಬೇಕು. 16 ಎಂಬ ಈ ಗುಟ್ಟು ತಂತಿಯ ಮೇಲೆ ಒಮ್ಮೆಯೂ ಹಾಯಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಗುಟ್ಟುಗಳನ್ನು 5 ಮತ್ತು 7 ಎಂದು ಬದಲಾಯಿಸಿಕೊಂಡು ಪೆನ್ಸಿಲು ಹಿಡಿದು ಲೆಕ್ಕಮಾಡಿದರೆ ಎರಡು ಕಡೆಯೂ 10 ಬರುವುದನ್ನು ಕಾಣಬಹುದು.

ಕದ್ದು ಕೇಳುವವನಿಗೆ 3, 17, 13, 15 ಇವೆಲ್ಲವೂ ತಿಳಿದಿವೆ. ಸಂಖ್ಯೆಗಳು ಇಷ್ಟು ಸಣ್ಣವಾದರೆ ಒಂದೊಂದಾಗಿ ಪರೀಕ್ಷಿಸಿ ಗುಟ್ಟನ್ನು ಕಂಡುಹಿಡಿದಾನು. ಆದರೆ ನೂರಾರು ಅಂಕಿಗಳುಳ್ಳ ಸಂಖ್ಯೆಗಳಲ್ಲಿ ಘಾತಕ್ಕೇರಿಸಿ ಶೇಷ ತೆಗೆಯುವುದು ಗಣಕಕ್ಕೆ ಕ್ಷಣದ ಕೆಲಸ. ಶೇಷದಿಂದ ಘಾತವನ್ನು ಕಂಡುಹಿಡಿಯುವುದಕ್ಕೆ ಸುಲಭದ ದಾರಿಯನ್ನು ಸಾಮಾನ್ಯ ಗಣಕಗಳಿಗೆ ಈವರೆಗೆ ಯಾರೂ ತೋರಿಸಿಲ್ಲ. ಮೊಸರನ್ನು ಕಡೆದು ಮಜ್ಜಿಗೆ ಮಾಡುವುದು ಸುಲಭ, ಮಜ್ಜಿಗೆಯಿಂದ ಮೊಸರನ್ನು ಮರಳಿ ಪಡೆಯುವುದು ಆಗದು, ಎಂಬಂತೆ. ಈಗಿನ ಎಸ್‌ಎಸ್‌ಎಚ್‌ನಲ್ಲಿ ಇಂಥ ಸಂಖ್ಯೆಗಳ ಬದಲು ಸಾಮಾನ್ಯವಾಗಿ ಒಂದು ಬಗೆಯ ವಕ್ರರೇಖೆಯ ಮೇಲಿನ ಬಿಂದುಗಳನ್ನು ಬಳಸುತ್ತಾರೆ. ತತ್ತ್ವ ಮಾತ್ರ ಇದೇ. ಕ್ವಾಂಟಮ್ ಗಣಕವು ದೊಡ್ಡದಾಗಿ ಬೆಳೆದರೆ ಈ ಬಗೆಯ ಒಗಟುಗಳನ್ನು ಬಿಡಿಸಬಲ್ಲದೆಂದು ಪೀಟರ್ ಶೋರ್ 1994ರಲ್ಲಿಯೇ ತೋರಿಸಿದ್ದರು. ಆದಕಾರಣ 2022ರಿಂದ ಓಪನ್ ಎಸ್‌ಎಸ್‌ಎಚ್, ಇದರ ಜೊತೆಗೆ ಬೇರೆ ಜಾತಿಯ ಒಗಟೊಂದನ್ನೂ ಹೆಣೆದು ಬಳಸುತ್ತಿದೆ.

ಎದುರಿಗಿರುವವರು ಯಾರು?

ಹೀಗೆ ಗುಟ್ಟು ಹುಟ್ಟಿತು. ಆದರೆ ಅದನ್ನು ನಾವು ಯಾರೊಡನೆ ಹಂಚಿಕೊಂಡೆವು? ನಡುವೆ ನಿಂತ ಮೋಸಗಾರನೊಬ್ಬನು ನಮಗೆ ‘ನಾನೇ ದೂರಗಣಕ’ ಎಂದೂ, ದೂರಗಣಕಕ್ಕೆ ‘ನಾನೇ ಬಳಕೆದಾರ’ ಎಂದೂ ಹೇಳಿ, ಇಬ್ಬರೊಡನೆಯೂ ಬೇರೆ ಬೇರೆ ಗುಟ್ಟುಗಳನ್ನು ಏರ್ಪಡಿಸಿಕೊಳ್ಳಬಹುದು. ಲೆಕ್ಕವೆಲ್ಲವೂ ಸರಿಯಾಗಿಯೇ ಇರುತ್ತದೆ. ಗೂಢಲಿಪಿಯೂ ಬಿಗಿಯಾಗಿಯೇ ಇರುತ್ತದೆ. ಆದರೆ ನಮ್ಮ ಮಾತೆಲ್ಲವನ್ನೂ ಅವನು ಓದುತ್ತಿರುತ್ತಾನೆ. ಮೇಲಿನ ಗಣಿತವು ಗುಟ್ಟನ್ನು ಕೊಡಬಲ್ಲದೇ ಹೊರತು ಗುರುತನ್ನು ಕೊಡಲಾರದು.

ಅಶೋಕವನದಲ್ಲಿ ಸೀತೆಯು ಹನುಮಂತನನ್ನು ರಾಮನ ದೂತನೆಂದು ನಂಬಿದುದಕ್ಕೆ ಮುದ್ರೆಯುಂಗುರವು ಆಧಾರವಾಯಿತು. ಆ ಉಂಗುರವು ಅವಳಿಗೆ ಮೊದಲೇ ಪರಿಚಿತವಾಗಿತ್ತು ಎಂಬುದರಲ್ಲಿಯೇ ಅದರ ಬೆಲೆಯೆಲ್ಲ ಅಡಗಿದೆ. ಪರಿಚಯವಿಲ್ಲದ ಉಂಗುರ ಯಾವ ಸಾಕ್ಷ್ಯವನ್ನೂ ಹೇಳಲಾರದು. ದೂರಗಣಕವೂ ತನ್ನದೇ ಆದ ಮುದ್ರೆಯನ್ನು ಇಟ್ಟುಕೊಂಡಿರುತ್ತದೆ. ಅದು ಒಂದು ಜೋಡಿ ಕೀಲಿ: ಒಂದು ಖಾಸಗಿ, ಇನ್ನೊಂದು ಸಾರ್ವಜನಿಕ. ಖಾಸಗಿ ಕೀಲಿಯಿಂದ ಒತ್ತಿದ ಮುದ್ರೆಯನ್ನು ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಸಾರ್ವಜನಿಕ ಕೀಲಿಯಿಂದ ಅಂಥ ಮುದ್ರೆಯನ್ನು ಒತ್ತಲಾಗದು. ಮೇಲೆ ಹೇಳಿದ ವಿನಿಮಯ ನಡೆದಾಗಲೆಲ್ಲ ದೂರಗಣಕವು ಆ ವಿನಿಮಯದ ಸಾರಾಂಶಕ್ಕೆ ತನ್ನ ಮುದ್ರೆಯನ್ನೊತ್ತಿ ಕಳುಹಿಸುತ್ತದೆ. ಈ ಮುದ್ರೆ ಆ ಒಂದು ವಿನಿಮಯಕ್ಕೆ ಮಾತ್ರ ಸಲ್ಲುತ್ತದೆ. ಅದನ್ನು ಕಿತ್ತು ಮತ್ತೊಂದಕ್ಕೆ ಅಂಟಿಸಿದರೆ ಹೊಂದುವುದಿಲ್ಲ. ಉಂಗುರವಂತೂ ಒಡೆಯನ ಕೈಬಿಟ್ಟು ಹೋಗುವುದೇ ಇಲ್ಲ.

ಈಗ ಉಳಿದ ಪ್ರಶ್ನೆ: ಈ ಮುದ್ರೆ ನಿಜವಾಗಿಯೂ ಆ ಗಣಕದ್ದೇ ಎಂದು ನಮಗೆ ಹೇಳಿದವರು ಯಾರು? ಮೊದಲ ಭೇಟಿಯಲ್ಲಿ ನಮ್ಮ ಗಣಕಕ್ಕೆ ಇದು ತಿಳಿಯದು. ಆದುದರಿಂದಲೇ ಅದು ನಮ್ಮನ್ನು ಕೇಳುತ್ತದೆ: ‘ಈ ಗಣಕದ ಸಾಚಾತನವನ್ನು ಸಿದ್ಧಪಡಿಸಲಾಗಲಿಲ್ಲ, ಇದರ ಕೀಲಿಯ ಬೆರಳ ಗುರುತು ಇಂತಿದೆ, ಮುಂದುವರಿಯಬೇಕೆ?’ ಬೆರಳ ಗುರುತೆಂದರೆ ಸಾರ್ವಜನಿಕ ಕೀಲಿಯನ್ನು ‘ಎಸ್‌ಎಚ್‌ಎ-256’ ಎಂಬ ಗಣಿತಕ್ರಮದಿಂದ ಕಡೆದು ತೆಗೆದ 43 ಅಕ್ಷರಗಳ ಸಾಲು. ಕೀಲಿಯಲ್ಲಿ ಒಂದಂಶ ಬೇರೆಯಾದರೂ ಈ ಸಾಲು ಪೂರ್ತಿಯಾಗಿ ಬೇರೆಯಾಗುತ್ತದೆ.

ಈ ಗುರುತನ್ನು ಬೇರೊಂದು ದಾರಿಯಿಂದ ತರಿಸಿಕೊಂಡು ಹೋಲಿಸಿ ನೋಡುವುದೇ ನಮ್ಮ ಕರ್ತವ್ಯ. ದೂರಗಣಕದ ಮೇಲ್ವಿಚಾರಕರು ಆ ಯಂತ್ರದಲ್ಲಿಯೇ ಈ ಆದೇಶವನ್ನು ಕೊಟ್ಟು ಅದನ್ನು ಪಡೆಯಬಲ್ಲರು:

ಎಸ್‌ಎಸ್‌ಎಚ್-ಕೀಜೆನ್ -ಎಲ್ -ಎಫ್ (ಮುಂದೆ ಸಾರ್ವಜನಿಕ ಕೀಲಿಯ ಕಡತದ ಹೆಸರು)

ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನು ಯಂತ್ರಕ್ಕೆ ಇಂಗ್ಲಿಷಿನ ಅಕ್ಷರಗಳಲ್ಲಿ ಕೊಡಬೇಕು. ದೊಡ್ಡಕ್ಷರವೆಂದು ಹೇಳದ ಕಡೆಗಳಲ್ಲೆಲ್ಲ ಸಣ್ಣಕ್ಷರವೇ ಸರಿ. ಹೀಗೆ ಪಡೆದ ಗುರುತನ್ನು ಅವರು ದೂರವಾಣಿಯಲ್ಲಿ ಓದಿ ಹೇಳಬಹುದು, ಕಾಗದದಲ್ಲಿ ಬರೆದುಕೊಡಬಹುದು. ಕಣ್ಣಿನಿಂದ 43 ಅಕ್ಷರಗಳನ್ನು ಹೋಲಿಸುವುದು ಬೇಸರದ ಕೆಲಸವೆನ್ನುವವರಿಗೆ 2019ರ ಆವೃತ್ತಿಯಿಂದೀಚೆಗೆ ಒಂದು ಅನುಕೂಲವುಂಟು: ಪ್ರಶ್ನೆಗೆ ‘ಯೆಸ್’ ಎನ್ನುವ ಬದಲು, ನಮಗೆ ತಲುಪಿರುವ ಗುರುತನ್ನೇ ಉತ್ತರವಾಗಿ ಕೊಡಬಹುದು. ಎರಡೂ ಹೊಂದಿದರೆ ಮಾತ್ರ ಯಂತ್ರವು ಮುಂದುವರಿಯುತ್ತದೆ. ಒಮ್ಮೆ ಒಪ್ಪಿದ ಕೀಲಿಯನ್ನು ಅದು ‘ನೋನ್ ಹೋಸ್ಟ್ಸ್’, ಅಂದರೆ ಪರಿಚಿತ ಗಣಕಗಳು, ಎಂಬ ಕಡತದಲ್ಲಿ ಬರೆದಿಟ್ಟುಕೊಂಡು ಮುಂದಿನ ಭೇಟಿಗಳಲ್ಲಿ ತಾನೇ ಹೋಲಿಸಿಕೊಳ್ಳುತ್ತದೆ. ಮನುಷ್ಯನ ವಿವೇಕ ಬೇಕಾದುದು ಆ ಮೊದಲ ಭೇಟಿಯಲ್ಲಿ.

ನಮ್ಮ ಗುರುತು

ದೂರಗಣಕವು ನಮ್ಮನ್ನು ಗುರುತಿಸುವುದಕ್ಕೂ ಇದೇ ವಿದ್ಯೆ ಸಾಕು. ನಮಗೊಂದು ಕೀಲಿಯ ಜೋಡಿಯನ್ನು ಮಾಡಿಕೊಳ್ಳುವ ಆದೇಶ ಇದು:

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519

‘ಟಿ’ ಎಂಬುದು ಕೀಲಿಯ ಜಾತಿಯನ್ನು ಸೂಚಿಸುತ್ತದೆ; ‘ಇಡಿ25519’ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಜಾತಿ. ಉಪಕರಣವು ಎರಡು ಕಡತಗಳನ್ನು ಮಾಡಿಕೊಡುತ್ತದೆ. ಹೆಸರಿನ ಕೊನೆಯಲ್ಲಿ ‘ಪಬ್’ ಎಂದಿರುವುದು ಸಾರ್ವಜನಿಕ ಕೀಲಿ. ಅದನ್ನು ದೂರಗಣಕದಲ್ಲಿನ ‘ಆಥರೈಸ್ಡ್ ಕೀಸ್’ ಎಂಬ ಕಡತಕ್ಕೆ ಸೇರಿಸಿದರೆ ಅಲ್ಲಿ ನಮ್ಮ ಹೆಸರು ನಮೂದಾದಂತೆ. ಅದನ್ನು ಯಾರಿಗೆ ತೋರಿಸಿದರೂ ಬಾಧಕವಿಲ್ಲ. ಇನ್ನೊಂದು ಖಾಸಗಿ ಕೀಲಿ. ಅದು ನಮ್ಮ ಗಣಕವನ್ನು ಬಿಟ್ಟು ಹೋಗಕೂಡದು. ಪ್ರವೇಶದ ಸಮಯದಲ್ಲಿ ನಮ್ಮ ಗಣಕವು ಆ ವಿನಿಮಯಕ್ಕೆ ಖಾಸಗಿ ಕೀಲಿಯಿಂದ ಮುದ್ರೆಯೊತ್ತಿ ಕಳುಹಿಸುತ್ತದೆ. ದೂರಗಣಕವು ತನ್ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸಿ ಬಾಗಿಲು ತೆರೆಯುತ್ತದೆ. ಪಾಸ್‌ವರ್ಡು ಹೋಗುವುದಿಲ್ಲ, ಕೀಲಿಯೂ ಹೋಗುವುದಿಲ್ಲ.

ಕೀಲಿಯನ್ನು ಮಾಡುವಾಗ ಉಪಕರಣವು ಒಂದು ರಹಸ್ಯವಾಕ್ಯವನ್ನು ಕೇಳುತ್ತದೆ. ಉತ್ತರಿಸದೆ ಮುಂದೆ ಸಾಗಬಹುದಾದರೂ ಸಾಗದಿರುವುದು ಲೇಸು. ಈ ವಾಕ್ಯದಿಂದ ಖಾಸಗಿ ಕೀಲಿಯ ಕಡತವೇ ಗೂಢಲಿಪಿಯಲ್ಲಿ ಅಡಗುತ್ತದೆ. ಗಣಕವು ಕಳುವಾದರೂ ಕಳ್ಳನಿಗೆ ಕೀಲಿ ಕೂಡಲೆ ದಕ್ಕದು. ಹಿಂದೆ ವಾಕ್ಯವಿಲ್ಲದೆ ಮಾಡಿದ ಕೀಲಿಗೆ ‘-ಪಿ’ ಎಂಬ ಸೂಚನೆಯಿಂದ ಈಗಲೂ ಅದನ್ನು ಸೇರಿಸಬಹುದು; ಕೀಲಿ ಬದಲಾಗುವುದಿಲ್ಲ. ಖಾಸಗಿ ಕೀಲಿಯ ಕಡತವನ್ನು ಇತರರು ಓದಲು ಅವಕಾಶವಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸಲು ನಿರಾಕರಿಸುತ್ತದೆ. ಇದನ್ನು ತೊಡಕೆಂದು ತಿಳಿಯದೆ, ಮನೆಯ ಹಿರಿಯರ ಗದರಿಕೆಯಂತೆ ಹಿತವೆಂದೇ ತಿಳಿಯಬೇಕು.

ಈ ಕೀಲಿಯನ್ನು ಊಹೆಯಿಂದ ಹಿಡಿಯಲಾದೀತೆ? ತಿಳಿದಿರುವ ಉತ್ತಮ ಉಪಾಯಗಳಿಂದಲೂ ಸುಮಾರು 2ರ 128ನೆಯ ಘಾತದಷ್ಟು, ಅಂದರೆ 3ರ ಮುಂದೆ 38 ಅಂಕಿಗಳಷ್ಟು, ಹೆಜ್ಜೆಗಳು ಬೇಕು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಹೆಜ್ಜೆಯಿಡುವ ಯಂತ್ರವಿದ್ದರೂ ವಿಶ್ವದ ಈಗಿನ ವಯಸ್ಸಾದ 1,380 ಕೋಟಿ ವರ್ಷಗಳ ಸುಮಾರು 78 ಕೋಟಿ ಪಟ್ಟು ಕಾಲ ಹಿಡಿಯುತ್ತದೆ!

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಒಂದು ನಿಬಂಧನೆಯ ಮೇಲೆ: ಕೀಲಿಯನ್ನು ಆರಿಸಿದ್ದು ನಿಜವಾಗಿಯೂ ಗೊತ್ತುಗುರಿಯಿಲ್ಲದೆ ಆಗಿರಬೇಕು. ಈ ನಿಬಂಧನೆ ತಪ್ಪಿದ ಪ್ರಸಂಗವೊಂದು 2008ರ ಮೇ ತಿಂಗಳಲ್ಲಿ ಬೆಳಕಿಗೆ ಬಂತು. ‘ಡೆಬಿಯನ್’ ಎಂಬ ಕಾರ್ಯವ್ಯವಸ್ಥೆಯಲ್ಲಿ, ಯಾದೃಚ್ಛಿಕ ಸಂಖ್ಯೆಗಳನ್ನು ಒದಗಿಸುವ ಭಾಗಕ್ಕೆ 2006ರಲ್ಲಿ ಮಾಡಿದ ಒಂದು ಸಣ್ಣ ತಿದ್ದುಪಡಿಯ ದೆಸೆಯಿಂದ, ಆ ಭಾಗಕ್ಕೆ ಬದಲಾಗುವ ಮೂಲವಾಗಿ ಚಾಲನೆಯಲ್ಲಿರುವ ಕಾರ್ಯದ ಕ್ರಮಸಂಖ್ಯೆಯೊಂದೇ ಉಳಿದಿತ್ತು. ಆ ಸಂಖ್ಯೆಗೆ ಇದ್ದ ಬೆಲೆಗಳು ಹೆಚ್ಚೆಂದರೆ 32,768. ಒಂದೇ ಬಗೆಯ ಯಂತ್ರಗಳಲ್ಲಿ ಒಂದೇ ಜಾತಿಯ, ಒಂದೇ ಗಾತ್ರದ ಕೀಲಿಗಳೆಲ್ಲವೂ ಇಷ್ಟರೊಳಗೇ ಇದ್ದವು. ಸೆಕೆಂಡಿಗೊಂದರಂತೆ ಪರೀಕ್ಷಿಸಿದರೂ ಹತ್ತು ಗಂಟೆಯೊಳಗೆ ಮುಗಿಯುವ ಕೆಲಸ! ಕೀಲಿಗಳ ಉದ್ದ ಮೊದಲಿನಷ್ಟೇ ಇತ್ತು. ಮೇಲೆ ನೋಡಿದವರಿಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಎರಡು ವರ್ಷಗಳಲ್ಲಿ ಹೀಗೆ ಹುಟ್ಟಿದ ಕೀಲಿಗಳನ್ನು ಹುಡುಕಿ ಕಿತ್ತೊಗೆದು, ಹೊಸತನ್ನು ಮಾಡಿಕೊಳ್ಳಬೇಕಾಯಿತು.

ಎಚ್ಚರಿಕೆಯ ಫಲಕ

ಪರಿಚಿತ ಗಣಕದ ಕೀಲಿ ಒಂದು ದಿನ ಇದ್ದಕ್ಕಿದ್ದಂತೆ ಬೇರೆಯಾಗಿ ಕಂಡರೆ ಎಸ್‌ಎಸ್‌ಎಚ್ ದೊಡ್ಡಕ್ಷರಗಳಲ್ಲಿ ಎಚ್ಚರಿಕೆ ಕೊಟ್ಟು ಸಂಪರ್ಕವನ್ನು ನಿಲ್ಲಿಸುತ್ತದೆ. ಇದಕ್ಕೆ ಎರಡು ಕಾರಣಗಳಿರಬಹುದು: ದೂರಗಣಕದವರು ಕೀಲಿಯನ್ನು ಬದಲಾಯಿಸಿರಬಹುದು, ಇಲ್ಲವೆ ನಡುವೆ ಮೋಸಗಾರನು ನಿಂತಿರಬಹುದು. ಎರಡರಲ್ಲಿಯೂ ಎಚ್ಚರಿಕೆಯ ರೂಪ ಒಂದೇ.

2023ರ ಮಾರ್ಚ್ 24ರಂದು ಪ್ರಪಂಚದ ಅನೇಕ ಕಡೆ ಈ ಎಚ್ಚರಿಕೆ ಒಟ್ಟಿಗೇ ಕಾಣಿಸಿಕೊಂಡಿತು. ಗಣಕದ ಕಾರ್ಯಕ್ರಮಗಳನ್ನು ಸಂಗ್ರಹಿಸಿಡುವ ‘ಗಿಟ್‌ಹಬ್’ ಎಂಬ ಸೇವೆಯ ‘ಆರ್‌ಎಸ್‌ಎ’ ಜಾತಿಯ ಖಾಸಗಿ ಕೀಲಿಯು ಸಾರ್ವಜನಿಕ ಸಂಗ್ರಹವೊಂದರಲ್ಲಿ ಸ್ವಲ್ಪಕಾಲ ಬಯಲಿಗೆ ಬಿದ್ದುದರಿಂದ, ಅವರು ಅದನ್ನು ರದ್ದುಮಾಡಿ ಹೊಸ ಕೀಲಿಯನ್ನು ಹೂಡಿದ್ದರು. ಹೊಸ ಕೀಲಿಯ ಬೆರಳ ಗುರುತನ್ನೂ ಪ್ರಕಟಿಸಿದರು. ಅದನ್ನು ನೋಡಿ ಹೋಲಿಸಿದವರು ನಿಶ್ಚಿಂತರಾದರು. ನೋಡದೆ ಹಳೆಯದನ್ನು ಅಳಿಸಿ ಹೊಸದಕ್ಕೆ ‘ಯೆಸ್’ ಎಂದವರಿಗೂ ಕೆಲಸವೇನೋ ಸಾಗಿತು. ಆದರೆ ಅದೇ ಗಳಿಗೆಯಲ್ಲಿ ಮೋಸಗಾರನೊಬ್ಬನು ನಡುವೆ ನಿಂತಿದ್ದರೆ ಅವರು ಅವನಿಗೂ ಅಷ್ಟೇ ಸುಲಭವಾಗಿ ಬಾಗಿಲು ತೆರೆಯುತ್ತಿದ್ದರು.

ಇಂಥ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ ಇದು. ಮೊದಲು, ಕೀಲಿ ಬದಲಾದುದು ನಿಜವೇ ಎಂದು ಬೇರೆ ದಾರಿಯಿಂದ ವಿಚಾರಿಸಿ ಹೊಸ ಗುರುತನ್ನು ಪಡೆಯಬೇಕು. ಆಮೇಲೆ ನಮ್ಮ ಪರಿಚಿತರ ಕಡತದಲ್ಲಿ ಆ ಗಣಕದ ನಮೂದು ಏನಿದೆ ಎಂದು ‘-ಎಫ್’ ಎಂಬ ಸೂಚನೆಯಿಂದ (ಇಲ್ಲಿ ದೊಡ್ಡಕ್ಷರ) ನೋಡಬೇಕು. ಹಳತೆಂದು ಖಚಿತವಾದಾಗ ಅದನ್ನು ಹೀಗೆ ತೆಗೆದುಹಾಕಬಹುದು:

ಎಸ್‌ಎಸ್‌ಎಚ್-ಕೀಜೆನ್ -ಆರ್ (ದೊಡ್ಡಕ್ಷರ, ಮುಂದೆ ಗಣಕದ ಹೆಸರು)

ಉಪಕರಣವು ಆ ಒಂದು ಗಣಕದ ನಮೂದುಗಳನ್ನಷ್ಟೆ ತೆಗೆದು, ಹಳೆಯ ಕಡತದ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿಡುತ್ತದೆ. ಬೇಸರದಿಂದ ಇಡೀ ಕಡತವನ್ನೇ ಅಳಿಸುವವರುಂಟು. ಅದು ಒಬ್ಬನ ವಿಳಾಸ ಬದಲಾಯಿತೆಂದು ವಿಳಾಸದ ಪುಸ್ತಕವನ್ನೇ ಒಲೆಗೆ ಹಾಕಿದಂತೆ. ಎಲ್ಲ ಗಣಕಗಳೂ ಮತ್ತೆ ಅಪರಿಚಿತವಾಗುತ್ತವೆ, ಮೋಸಕ್ಕೆ ಅಷ್ಟೇ ಬಾಗಿಲುಗಳು ತೆರೆದುಕೊಳ್ಳುತ್ತವೆ.

ವಿದ್ಯಾರ್ಥಿಗಳು ಮತ್ತೊಂದು ವಿಷಯವನ್ನು ನೆನಪಿನಲ್ಲಿಡಬೇಕು. ಖಾಸಗಿ ಕೀಲಿಯನ್ನು ಸ್ನೇಹಿತನಿಗೆ ಇಮೇಲಿನಲ್ಲಿ ಕಳುಹಿಸುವುದು, ಹಲವರು ಬಳಸುವ ಪ್ರಯೋಗಾಲಯದ ಗಣಕದಲ್ಲಿ ಬಿಟ್ಟುಬರುವುದು, ಕಾರ್ಯಕ್ರಮದೊಡನೆ ಸಾರ್ವಜನಿಕ ಸಂಗ್ರಹಕ್ಕೆ ಏರಿಸುವುದು, ಇವೆಲ್ಲ ಉಂಗುರವನ್ನು ಬೀದಿಯಲ್ಲಿ ಇಟ್ಟಂತೆ. ಒಂದು ವೇಳೆ ಹಾಗಾದರೆ ಆ ಕಡತವನ್ನು ಅಳಿಸಿ ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ; ಆ ವೇಳೆಗೆ ಯಾರು ಪ್ರತಿಮಾಡಿಕೊಂಡರೋ ತಿಳಿಯದು. ಎಲ್ಲ ದೂರಗಣಕಗಳ ‘ಆಥರೈಸ್ಡ್ ಕೀಸ್’ ಕಡತದಿಂದ ಅದರ ಜೊತೆಗಾರ ಸಾರ್ವಜನಿಕ ಕೀಲಿಯನ್ನು ತೆಗೆದುಹಾಕಿ ಹೊಸ ಜೋಡಿಯನ್ನು ಮಾಡಿಕೊಳ್ಳುವುದೊಂದೇ ದಾರಿ. ಬಳಸುವ ಪ್ರತಿಯೊಂದು ಗಣಕಕ್ಕೂ ಬೇರೆ ಬೇರೆ ಜೋಡಿಯಿದ್ದರೆ ಒಂದು ಕೆಟ್ಟಾಗ ಉಳಿದವು ಕೆಡುವುದಿಲ್ಲ.

ಇದುವರೆಗಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಯಲಿನಲ್ಲಿ ಗುಟ್ಟನ್ನು ಹುಟ್ಟಿಸುವುದು, ಗುಟ್ಟನ್ನು ಕಳುಹಿಸದೆಯೇ ಗುರುತನ್ನು ಸಿದ್ಧಪಡಿಸುವುದು, ಇವೆರಡನ್ನೂ ಗಣಿತವು ಸಾಧ್ಯಮಾಡಿದೆ. ಆದರೆ ‘ಈ ಕೀಲಿ ಇಂಥವರದೇ’ ಎಂಬ ಮೊದಲ ನಂಬಿಕೆಯನ್ನು ಯಾವ ಸೂತ್ರವೂ ತಾನಾಗಿ ಹುಟ್ಟಿಸಲಾರದು. ಅದು ಹೊರಗಿನಿಂದ, ವಿಚಾರಿಸಿ ತಿಳಿದ ಮನುಷ್ಯನಿಂದಲೇ ಬರಬೇಕು. ಯಂತ್ರವು ಪ್ರಶ್ನೆ ಕೇಳಿ ಕಾದು ನಿಲ್ಲುವುದು ಆ ಕಾರಣಕ್ಕಾಗಿಯೇ. ಮುಂದಿನ ಸಲ ಅದು ಹಾಗೆ ಕೇಳಿದಾಗ ನಮ್ಮ ವಾಚಕರು ಬೆರಳ ಗುರುತನ್ನು ಹೋಲಿಸಿ ನೋಡಿ ಉತ್ತರಿಸುವುದಾದರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.